ಸ್ಕ್ರಿಪ್ಟ್ ಇರಲಿ ಬಿಡಿ, ‘ಈಸಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ‘ಈಸಿಂಗ್’, ಅಂದರೆ ಅನಿಮೇಷನ್‌ನಲ್ಲಿ ಓಟದ ವೇಗ ಮೆಲ್ಲಗೆ ಏರುವುದು, ಇಳಿಯುವುದು, ಈ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡು ಕೂತಿದ್ದೇನೆ.

ವೆಬ್‌ಗೆ ಅನಿಮೇಷನ್ ಮಾಡುವ ಡಿಸೈನರ್‌ಗಳಿಗೆ ಅಡ್ವಾನ್ಸ್ಡ್ ಸ್ಕ್ರಿಪ್ಟಿಂಗ್ ಕಲಿಸುವ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿತ್ರ, ಬಣ್ಣ, ಅಂದಚೆಂದ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೌಸ್ ತಾಗಿದ ಕೂಡಲೇ ಕಾರ್ಡ್ ಮಗುಚಿಕೊಳ್ಳಬೇಕು, ಪುಟ ಸರಿಸಿದ ಹಾಗೆಲ್ಲ ಹಕ್ಕಿ ಹಾರಬೇಕು ಅಂದಾಗ ವೆಬ್ ಪುಟಕ್ಕೆ ಆಜ್ಞೆಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಗೆ ಇಳಿಯಲೇಬೇಕು, ಅಲ್ಲಿ ಜಾಸ್ತಿ ಜನಕ್ಕೆ ಕೈ ನಡುಗುತ್ತದೆ.

ಮೊದಲ ಎಡವಟ್ಟು ತಲೆಬರಹದಲ್ಲೇ ಆಯಿತು. ನಾನು ಬಲು ಉತ್ಸಾಹದಿಂದ ‘ಸುಧಾರಿತ ಲಿಪಿ ತರಬೇತಿ’ ಅಂತ ಬರೆದೆ. ಅದನ್ನು ನೋಡಿದ ಫಾಂಟ್ ಮಾಡುವ ಗೆಳತಿಯೊಬ್ಬಳು ಫೋನ್ ಮಾಡಿ, ಒತ್ತಕ್ಷರಗಳನ್ನು ಕೂರಿಸೋದನ್ನೂ ಹೇಳಿಕೊಡ್ತೀಯಾ ಅಂತ ಕೇಳಿದಳು! ತಪ್ಪು ಅವಳದ್ದಲ್ಲ. ಕನ್ನಡದಲ್ಲಿ ಲಿಪಿ ಅಂದರೆ ಅಕ್ಷರ, ಅಷ್ಟೇ. ‘ಸುಧಾರಿತ’ ಅನ್ನೋದೂ ಜ್ವರ ಬಿಟ್ಟವರ ಬಗ್ಗೆ ಹೇಳಿದ ಹಾಗಿದೆ, ‘ಮುಂದುವರಿದ’ ಅಂದರೆ ಧಾರಾವಾಹಿಯ ಎರಡನೇ ಕಂತು. ಕೊನೆಗೆ ‘ಮೇಲ್ಮಟ್ಟದ ಸ್ಕ್ರಿಪ್ಟಿಂಗ್’ ಅಂತ ಬರೆದು ಸುಮ್ಮನಾದೆ. ಸಿನಿಮಾದವರ ಬಾಯಲ್ಲಿ ಸ್ಕ್ರಿಪ್ಟ್ ಯಾವತ್ತೋ ಕನ್ನಡವಾಗಿದೆ. ಯಾರು ಯಾವಾಗ ಬರಬೇಕು, ಏನು ಮಾಡಬೇಕು ಅಂತ ಮೊದಲೇ ಬರೆದಿಡೋದು ಇಲ್ಲೂ ಅದೇ ಕೆಲಸ ತಾನೇ.

ಮೌಸ್ ತಾಗುವುದು, ಕ್ಲಿಕ್ ಆಗುವುದು ಇಂಥ ‘ಇವೆಂಟ್’ಗೆ ‘ಘಟನೆ’ ಅಂತ ಹಾಕಿದರೆ ‘ಕ್ಲಿಕ್ ಘಟನೆ ನಡೆದಾಗ’ ಅಂತಾಗುತ್ತದೆ, ಓದಿದರೆ ಪೊಲೀಸರು ಸ್ಥಳಕ್ಕೆ ಬರಬೇಕೇನೋ ಅನ್ನಿಸುತ್ತದೆ. ಅದನ್ನೂ ಇವೆಂಟ್ ಅಂತಲೇ ಬಿಟ್ಟೆ. ‘ಟ್ವೀನ್’ಗೆ ಮಾತ್ರ ‘ನಡುಚಿತ್ರ’ ಒಪ್ಪಿತು. ಎರಡು ಮುಖ್ಯ ಚಿತ್ರಗಳ ನಡುವೆ ಬರುವುದು ಅಂತ ಇಂಗ್ಲಿಷಿನವರೂ ‘ಇನ್‌ಬಿಟ್ವೀನ್’ ಪದದ ತಲೆ ಕತ್ತರಿಸಿ, ಬಾಲ ಉಳಿಸಿಕೊಂಡೇ ಅದನ್ನು ಮಾಡಿದ್ದು. 2000ದಲ್ಲಿ ಅನಿಮೇಷನ್ ತಂತ್ರಾಂಶ ಫ್ಲ್ಯಾಶ್ 5ರ ಜೊತೆ ಅದರ ಸ್ಕ್ರಿಪ್ಟ್ ಭಾಷೆ ಆ್ಯಕ್ಷನ್‌ಸ್ಕ್ರಿಪ್ಟ್ ಬಂದಾಗ ಕಲಿತವರ ಬಾಯಲ್ಲಿ ‘ಟ್ವೀನ್’ ಪದ ಗಟ್ಟಿಯಾಗಿ ಕೂತಿದೆ. 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರ್ ಕಣ್ಣು ಮುಚ್ಚಿತು, ಪದ ಉಳಿಯಿತು.

ಇನ್ನು ನನ್ನ ನಿಜವಾದ ತಲೆನೋವು, ಈಸಿಂಗ್.

ಒಂದು ಕಾರ್ಡ್ ಎಡದಿಂದ ಬಲಕ್ಕೆ 300 ಪಿಕ್ಸೆಲ್ ಹೋಗಬೇಕು, 400 ಮಿಲಿಸೆಕೆಂಡ್‌ನಲ್ಲಿ ಅಂದುಕೊಳ್ಳಿ. ಒಂದೇ ವೇಗದಲ್ಲಿ ಓಡಿದರೆ 200 ಮಿಲಿಸೆಕೆಂಡ್ ಆದಾಗ 150ನೇ ಪಿಕ್ಸೆಲ್‌ನಲ್ಲಿರುತ್ತದೆ. ನೋಡಲು ಜೀವವಿಲ್ಲದ ಓಟ. ಈಗ ಸಮಯವನ್ನು 0ಯಿಂದ 1ರವರೆಗೆ ಎಣಿಸಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 300ರಿಂದ ಗುಣಿಸಿ. ಅರ್ಧ ಸಮಯಕ್ಕೆ ಕಾರ್ಡ್ ಇನ್ನೂ 75ರಲ್ಲೇ ತೆವಳುತ್ತಿರುತ್ತದೆ, ಆಮೇಲೆ ದೌಡಾಯಿಸುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಅರ್ಧ ಸಮಯಕ್ಕೇ 225 ಮುಟ್ಟಿ, ಉಳಿದ ದಾರಿಯನ್ನು ಮೆಲ್ಲಗೆ ಸವೆಸಿ ಬಂದು ನಿಲ್ಲುತ್ತದೆ. ಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು, ಆದರೆ ಡಿಸೈನರ್‌ಗಳ ಮುಖ ಅರಳೋದು ಇಲ್ಲೇ. ಇದಕ್ಕೆ ಕನ್ನಡದ ಹೆಸರು ಬೇಕು.

ವೆಬ್ ಪುಟದ ಅಂದಚೆಂದ ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ ಮೊದಲನೆಯದು ‘ಈಸ್-ಇನ್’ ಬಗೆಯದು, ಎರಡನೆಯದು ‘ಈಸ್-ಔಟ್’ ಬಗೆಯದು. ಆದರೆ ಅನಿಮೇಷನ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್ ಬಳಸಿ ಬಂದವರಿಗೆ ‘ಈಸಿ ಈಸ್ ಇನ್’ ಅಂದರೆ ಕೀಫ್ರೇಮ್ (ಮುಖ್ಯ ಚಿತ್ರ) ಹತ್ತಿರ ಬರುವಾಗ ನಿಧಾನವಾಗುವುದು, ಅಂದರೆ ಪೂರಾ ಉಲ್ಟಾ! ಮೂಲದಲ್ಲೇ ಇಷ್ಟು ಗೋಜಲಿರುವಾಗ ನಾವು ‘ಒಳ’, ‘ಹೊರ’ ಅಂತ ಪದಕ್ಕೆ ಪದ ಇಟ್ಟರೆ ಗೋಜಲನ್ನೂ ಆಮದು ಮಾಡಿಕೊಂಡ ಹಾಗೆ ಅಲ್ವಾ? ಅದಕ್ಕೇ ನಾನು ‘ಮೊದಲು ಮೆಲ್ಲ’, ‘ಕೊನೆಗೆ ಮೆಲ್ಲ’, ‘ಎರಡೂ ಕಡೆ ಮೆಲ್ಲ’ ಅಂತ ಬರೆದಿದ್ದೇನೆ. ಮೂರನೆಯದಕ್ಕೆ ಜೋಕಾಲಿಯ ಉದಾಹರಣೆ ಕೊಟ್ಟರೆ ಮತ್ತೆ ವಿವರಿಸಬೇಕಾಗಿಯೇ ಇಲ್ಲ. ಬಿಡಿ ಹೆಸರುಗಳೇನೋ ಹೀಗೆ ಬಗೆಹರಿದವು, ಒಟ್ಟು ಸಂಗತಿಗೇ ಹೆಸರು ಸಿಗುತ್ತಿಲ್ಲ.

‘ಸರಾಗ’ ಅಂದರೆ ಅಡ್ಡಿಯಿಲ್ಲದೆ ಅಂತಾಯಿತು, ಒಂದೇ ವೇಗದ ಓಟವೂ ಸರಾಗವೇ. ‘ಲಯ’ ಅಂದರೆ ತಾಳ ನೆನಪಾಗುತ್ತದೆ. ‘ಮೆಲ್ಲೋಟ’ ಅಂತ ಒಬ್ಬರು ಹೇಳಿದರು, ಕೇಳಲು ಚೆನ್ನಾಗಿದೆ, ಆದರೆ ವೇಗ ಏರುವುದು ಅದರಲ್ಲಿ ಬರಲೇ ಇಲ್ಲ. ನನ್ನ ಮನಸ್ಸು ‘ಹದ’ದ ಕಡೆ ವಾಲುತ್ತಿದೆ. ‘ಈ ಕಾರ್ಡಿನ ಓಟಕ್ಕೆ ಹದ ಸಾಲದು, ಕೊನೆಗೆ ಇನ್ನೂ ಸ್ವಲ್ಪ ಮೆಲ್ಲ ಮಾಡಿ’ ಅಂದರೆ ಯಾರಿಗೂ ತಿಳಿಯುತ್ತದೆ. ಮಣ್ಣಿಗೆ, ಕಬ್ಬಿಣಕ್ಕೆ, ಮಾತಿಗೆ ಹದ ಇರುವಾಗ ಓಟಕ್ಕೆ ಯಾಕಿರಬಾರದು? ಒಂದೇ ಅಳುಕು: ಹದ ಅಂದಾಗ ‘ಸರಿಯಾಗಿದೆ’ ಅನ್ನುವ ಅರ್ಥ ತಾನಾಗೇ ಬಂದುಬಿಡುತ್ತದೆ, ಈಸಿಂಗ್ ಕೆಟ್ಟದಾಗಿಯೂ ಇರಬಹುದು. ‘ಹದಗೆಟ್ಟ ಹದ’ ಅನ್ನೋಕಾಗುತ್ತಾ?

ಇನ್ನೊಂದು ಸಣ್ಣ ಪ್ರಶ್ನೆ. ಒಂದೇ ವೇಗದ ಓಟವಾದ ‘ಲಿನಿಯರ್’ಗೆ ‘ಒಂದೇ ಸಮ’ ಅಂತ ಹಾಕಿದ್ದೇನೆ. ಆದರೆ ‘ಮಗು ಒಂದೇ ಸಮನೆ ಅಳುತ್ತಿದೆ’ ಅಂದಾಗ ಅದು ಬಿಡದೆ ಅಂತ ತಾನೇ, ವೇಗದ ಮಾತೇ ಇಲ್ಲ. ನಿಮ್ಮ ಕಡೆ ಗಾಡಿ, ಓಟ, ನಡಿಗೆ ಇಂಥದ್ದರ ವೇಗ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವುದಕ್ಕೆ ಆಡುಮಾತಿನಲ್ಲಿ ಒಂದು ಪದ ಇದೆಯಾ? ಕಟ್ಟಿದ ಪದಕ್ಕಿಂತ ಆಡುವ ಪದ ಸಿಕ್ಕರೆ ‘ಹದ’ವನ್ನು ಈಗಲೇ ಕೈಬಿಡುತ್ತೇನೆ.