ಮೃದಂಗದ ಟ್ರ್ಯಾಕ್ ಹಾಕಿಕೊಂಡು ಸಾಧನೆ ಮಾಡಬಹುದಾ?

ಪ್ರಶ್ನೆ: ಪಿಟೀಲು ಕಲಿಯಲು ಶುರು ಮಾಡಿ ಮೂರು ವರ್ಷ. ಈಗ ಎಂಟು ಎಣಿಕೆಯ ಆದಿತಾಳದ ವರ್ಣ ಎಂಬ ರಚನೆಗೆ ಬಂದಿದ್ದೇನೆ. ಮನೆಯಲ್ಲಿ ಜೊತೆಗೆ ನುಡಿಸುವವರಿಲ್ಲ. ಆ್ಯಪ್‌ನ ಮೃದಂಗ ಹಾಕಿಕೊಂಡರೆ ಅಭ್ಯಾಸ ಕೆಡುತ್ತಾ? ಅನುಭವ ಇದ್ದವರು ಹೇಳಿ.

ಉತ್ತರ 1: ಮೃದಂಗ ಆಮೇಲೆ, ಮೊದಲು ಶ್ರುತಿ ನೋಡಿಕೊಳ್ಳಿ. ನಮ್ಮನೆಯಲ್ಲಿ ಇನ್ನೂ ಹಳೇ ರಾಡೆಲ್ ಪೆಟ್ಟಿಗೆಯೇ (ಎಲೆಕ್ಟ್ರಾನಿಕ್ ತಂಬೂರಿ) ಇದೆ. ಬೆಂಗಳೂರಿನಲ್ಲಿ ಅದನ್ನು ರೂಪಿಸಿದ ರಾಜನಾರಾಯಣ್ ಸ್ವತಃ ಕೊಳಲು ನುಡಿಸುವವರು. ಪಂಚಮದ ತಂತಿ ಎಳೆದಾಗ ನಾದ ತಂಬೂರಿಯೊಳಗೆ ಕರಗಬೇಕು. ಅಲ್ಲಿಯವರೆಗೆ ಬೇರೇನೂ ಬೇಡ.

ಉತ್ತರ 2: ಎರಡು ವರ್ಷ ಟ್ರ್ಯಾಕ್ ಹಾಕಿಕೊಂಡೇ ವೀಣೆ ನುಡಿಸಿದ್ದೇನೆ. ನಾನು ಎಷ್ಟು ಓಡುತ್ತೇನೆ ಅಂತ ಗೊತ್ತಾಗಿದ್ದೇ ಅದರಿಂದ. ಮೊದಲ ಕಾಲ ಸಲೀಸು. ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ವರ್ಣದ ಕೊನೆಯ ಭಾಗದ ಎತ್ತುಗಡೆ ಸ್ವರಕ್ಕೆ ಬರುವಷ್ಟರಲ್ಲಿ ನಾನು ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಹೋಗಿ ಕೂತಿರುತ್ತಿದ್ದೆ. ಪಾಪ, ಮೃದಂಗ ಇನ್ನೂ ಏಳನೇ ಎಣಿಕೆಯಲ್ಲಿರುತ್ತಿತ್ತು! ವೇಗವನ್ನು ನಿಮಿಷಕ್ಕೆ 60 ಎಣಿಕೆಗೆ ಇಳಿಸಿದೆ. ಸರಿಹೋಗಲು ತಿಂಗಳುಗಟ್ಟಲೆ ಹಿಡಿಯಿತು.

ಆದರೆ ಒಂದು ಎಡವಟ್ಟೂ ಆಯಿತು. ಆ ಟ್ರ್ಯಾಕ್‌ನಲ್ಲಿ ಪ್ರತಿ ಆವರ್ತದ (ತಾಳದ ಒಂದು ಸುತ್ತಿನ) ಕೊನೆಗೆ ಒಂದೇ ತರಹದ ಸಣ್ಣ ಮುಕ್ತಾಯ ಬರುತ್ತಿತ್ತು. ನನಗೇ ಗೊತ್ತಿಲ್ಲದೆ ಅದನ್ನು ನೆಚ್ಚಿಕೊಂಡುಬಿಟ್ಟಿದ್ದೆ. ನವರಾತ್ರಿಯಲ್ಲಿ ನೆಂಟರ ಮನೆಯ ಗೊಂಬೆ ಮುಂದೆ ನುಡಿಸಲು ಕೂತರೆ, ಮೃದಂಗದ ಹುಡುಗ ಬೇರೆಯೇ ಏನೋ ನುಡಿಸಿದ. ಎರಡು ಸಲ ಸಮ ತಪ್ಪಿದೆ. ಅವನು ನಗುತ್ತಾ ಒಂದು ಪೆಟ್ಟು ಜೋರಾಗಿ ಕೊಟ್ಟು ನನ್ನನ್ನು ಸೇರಿಸಿಕೊಂಡ. ಟ್ರ್ಯಾಕ್ ಆಗಿದ್ದರೆ ನನ್ನ ಬಿಟ್ಟು ಹೋಗುತ್ತಿತ್ತು, ಅಲ್ವಾ?

ಈಗ ಮಗಳ ಕೈಗೆ ಫೋನ್ ಕೊಡುತ್ತೇನೆ. ಮನಸ್ಸು ಬಂದಾಗ ಎರಡು ಆವರ್ತ ಸದ್ದು ನಿಲ್ಲಿಸುತ್ತಾಳೆ, ಆಮೇಲೆ ಬಿಡುತ್ತಾಳೆ. ಮೃದಂಗ ವಾಪಸ್ ಬಂದಾಗ ನಾನು ಸಮದಲ್ಲಿದ್ದರೆ ಪಾಸ್. ಅವಳಿಗಂತೂ ಇದು ಆಟ.

ಉತ್ತರ 3: ನಾನು ಕರೋಕೆ ಹಾಕಿಕೊಂಡು ಭಾವಗೀತೆ ಹಾಡುತ್ತೇನೆ. ಗಂಡಸರ ಶ್ರುತಿಯ ಟ್ರ್ಯಾಕ್‌ಗಳೇ ಜಾಸ್ತಿ. ನನ್ನದು ಐದೂವರೆ ಮನೆ, ಅಂದರೆ ಅದಕ್ಕಿಂತ ಎತ್ತರದ ಶ್ರುತಿ. ಆ್ಯಪ್‌ನಲ್ಲಿ ಶ್ರುತಿ ತುಂಬಾ ಎತ್ತಿದರೆ ಕೊಳಲು ಪೀಪಿಯ ಹಾಗೆ ಕೇಳುತ್ತದೆ. ನಿಮಗೂ ಒಂದು ಮಾತು: ರೆಕಾರ್ಡ್ ಮಾಡುವಾಗ ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ಕಿವಿಗೆ ಸ್ವಲ್ಪ ತಡವಾಗಿ ಬರುತ್ತದೆ. ಸರಿಯಾಗಿ ಹಾಡಿದ್ದೂ ರೆಕಾರ್ಡಿಂಗ್‌ನಲ್ಲಿ ಹಿಂದೆ ಬಿದ್ದಿರುತ್ತದೆ. ನನ್ನ ತಾಳವೇ ಸರಿ ಇಲ್ಲ ಅಂತ ಒಂದು ವಾರ ಸುಮ್ನೆ ಕೊರಗಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ 60ಕ್ಕೆ ಇಟ್ಟು ನೋಡಿದೆ. ನಾನು ಓಡುವುದಿಲ್ಲ, ಹಿಂದೆ ಬೀಳುತ್ತೇನೆ! ವೈರ್ ಇರುವ ಇಯರ್‌ಫೋನ್ ಹಾಕಿಕೊಂಡಿದ್ದೆ. ಅದು ಕಮಾನಿಗೆ ಸಿಕ್ಕಿಕೊಂಡು ಫೋನ್ ನೆಲಕ್ಕೆ ಬಿತ್ತು. ವೈರನ್ನು ಬೆನ್ನಿನ ಹಿಂದೆ ಬಿಟ್ಟುಕೊಂಡರೆ ಆಗುತ್ತಾ?