ಬಿಯರಿನ ಯೀಸ್ಟ್ ಗಸಿಯನ್ನು ಬ್ರೆಡ್ಡಿಗೆ ಎಷ್ಟು ಸಲ ಬಳಸಬಹುದು?

ಪ್ರಶ್ನೆ: ಕೋಟೆ ಹತ್ತಿರದವನು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಮೈಕ್ರೊಬ್ರೂವರಿಯಲ್ಲಿ ಕೆಲಸ ಮಾಡುವ ನಮ್ಮ ಅಕ್ಕನ ಮಗ ಯುಗಾದಿಗೆ ಊರಿಗೆ ಬರುವಾಗ, ಬಿಯರ್ ಹುದುಗಿದ ಮೇಲೆ ತೊಟ್ಟಿಯ ತಳದಲ್ಲಿ ನಿಲ್ಲುವ ಯೀಸ್ಟಿನ ಗಸಿಯನ್ನು ಒಂದು ಬಾಟಲಿಯಲ್ಲಿ ತುಂಬಿ, ಐಸ್ ಡಬ್ಬಿಯಲ್ಲಿಟ್ಟು, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ತಂದುಕೊಟ್ಟನು. ಮನೆಯಲ್ಲಿ ಬಿಯರ್ ತಯಾರಿಸುವ ಯೋಚನೆ ನನಗಿಲ್ಲ. ಪರವಾನಗಿ ಇಲ್ಲದೆ ಅದನ್ನು ಮಾಡುವಂತೆಯೂ ಇಲ್ಲ. ಭಾನುವಾರದ ಬ್ರೆಡ್ಡಿಗೆ ಇದನ್ನು ಬಳಸಿ ನೋಡಬೇಕೆಂಬುದಷ್ಟೇ ಆಸೆ.

ಮೊದಲ ಸಲ ಅರ್ಧ ಕಿಲೋ ಮೈದಾಕ್ಕೆ ಮೂರು ದೊಡ್ಡ ಚಮಚ ಗಸಿ ಹಾಕಿದೆ. ಹಿಟ್ಟು ಉಬ್ಬಲು ನಾಲ್ಕು ಗಂಟೆ ಹಿಡಿಯಿತಾದರೂ ಬ್ರೆಡ್ಡಿನ ಘಮ ಮನೆಯ ತುಂಬ ಹರಡಿತು; ತಿಂದ ಮೇಲೆ ನಾಲಿಗೆಯ ತುದಿಯಲ್ಲಿ ಸ್ವಲ್ಪ ಕಹಿ ಉಳಿಯಿತು. ದೋಸೆ ಹಿಟ್ಟಿನಲ್ಲಿ ಒಂದು ಸೌಟು ಉಳಿಸಿ ಮರುದಿನದ ಹಿಟ್ಟಿಗೆ ಬೆರೆಸುವಂತೆ, ಆ ಹಿಟ್ಟಿನಿಂದ ಒಂದು ಮುಷ್ಟಿ ತೆಗೆದಿಟ್ಟು ಎರಡನೆಯ ಸಲ ಬಳಸಿದೆ, ಅದೂ ಕೈಕೊಡಲಿಲ್ಲ. ಮೂರನೆಯ ಸಲ ಮಾತ್ರ ಹಿಟ್ಟು ಅಂಟಂಟಾಗಿ ಪಾತ್ರೆಯಲ್ಲಿ ಹರಡಿಕೊಂಡಿತು, ಹುಳಿ ವಾಸನೆ ಬಂತು, ಒಲೆಗಿಟ್ಟರೆ ಎರಡು ಬೆರಳಿನಷ್ಟೂ ಏಳಲಿಲ್ಲ.

ಬ್ರೂವರಿಯಲ್ಲಿ ಒಂದೇ ಯೀಸ್ಟನ್ನು ಹತ್ತು ಸಲದವರೆಗೂ ತಿರುಗಿಸಿ ಬಳಸುತ್ತಾರೆಂದು ಹುಡುಗ ಹೇಳುತ್ತಾನೆ. ಹಾಗಿದ್ದರೆ ನನ್ನ ಕೈಯಲ್ಲಿ ಅದು ಮೂರಕ್ಕೇ ಏಕೆ ಸೋತಿತು? ಫ್ರಿಜ್ಜಿನಲ್ಲಿ ಮೂರು ವಾರಗಳಿಂದ ಇರುವ ಉಳಿದ ಗಸಿ ಇನ್ನೂ ಉಪಯೋಗಕ್ಕೆ ಬರುವುದೇ? ನಿನ್ನೆ ಮುಚ್ಚಳ ತಿರುಗಿಸಿದಾಗ ಬುಸ್ಸೆಂದು ನೊರೆ ಉಕ್ಕಿತು.

ಉತ್ತರ: ನದಿ ದಂಡೆ, ರಾಯಚೂರು

ಸರ್, ಮೊದಲು ಆ ಮುಚ್ಚಳವನ್ನು ಸಡಿಲಗೊಳಿಸಿ. ಯೀಸ್ಟ್ ತಂಪಿನಲ್ಲಿಯೂ ನಿಧಾನವಾಗಿ ಅನಿಲ ಬಿಡುತ್ತಲೇ ಇರುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಒಡೆಯಬಹುದು.

ನಾನು ಹನ್ನೊಂದು ವರ್ಷ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ನಿಮ್ಮ ಯೀಸ್ಟ್ ಮೂರು ಸಲಕ್ಕೇ ದಣಿಯಿತೆಂದು ನನಗನಿಸುವುದಿಲ್ಲ. ಅದರ ಜೊತೆ ಸೇರಿಕೊಂಡವರೇ ಅದನ್ನು ಸೋಲಿಸಿದ್ದಾರೆ. ಬ್ರೂವರಿಯಲ್ಲಿ ಯೀಸ್ಟಿಗೆ ಹಾಕುವ ಮಾಲ್ಟ್ ರಸವನ್ನು ಒಂದು ಗಂಟೆಯಷ್ಟು ಕುದಿಸಿರುತ್ತಾರೆ, ಮತ್ತು ಆ ರಸದಲ್ಲಿರುವ ಹಾಪ್ಸ್ ಹೂವಿನ ಕಹಿ ಅಂಶವು ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವನ್ನು ತಡೆದು ನಿಲ್ಲಿಸುತ್ತದೆ. ಮೈದಾ ಹಿಟ್ಟಿಗೆ ಈ ಎರಡು ಕಾವಲುಗಳೂ ಇಲ್ಲ. ಹಸಿ ಹಿಟ್ಟಿನಲ್ಲಿಯೇ ಆ ಬ್ಯಾಕ್ಟೀರಿಯಾಗಳಿರುತ್ತವೆ, ಮುಷ್ಟಿ ಹಿಟ್ಟನ್ನು ದಾಟಿಸಿದಾಗಲೆಲ್ಲ ಅವೂ ದಾಟುತ್ತವೆ, ನಮ್ಮ ಬೇಸಿಗೆಯ ಸೆಖೆಯಲ್ಲಿ ಯೀಸ್ಟಿಗಿಂತ ಅವೇ ಮುಂದಾಗುತ್ತವೆ. ಹುಳಿ ಹೆಚ್ಚಾದಂತೆ ಹಿಟ್ಟಿನ ಅಂಟು ಸಡಿಲಗೊಂಡು ಗಾಳಿಯನ್ನು ಹಿಡಿದಿಡುವ ಶಕ್ತಿ ಹೋಗುತ್ತದೆ; ನೀವು ಕಂಡ ಹರಡುವಿಕೆ ಅದೇ.

ಇಷ್ಟೆಲ್ಲ ಕಾವಲಿದ್ದರೂ ಬ್ರೂವರಿಯವರು ಕಣ್ಣುಮುಚ್ಚಿ ಯೀಸ್ಟನ್ನು ತಿರುಗಿಸುವುದಿಲ್ಲ. ತೊಟ್ಟಿಯ ತಳದಿಂದ ಮೊದಲು ಹೊರಬರುವ ಕಂದು ಗಸಿಯಲ್ಲಿ ಹಾಪ್ಸ್ ಚೂರುಗಳೂ ಸತ್ತ ಕೋಶಗಳೂ ಇರುವುದರಿಂದ ಅದನ್ನು ಬಿಟ್ಟು, ಅನಂತರ ಬರುವ ಕೆನೆ ಬಣ್ಣದ ಭಾಗವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಅದರ ಒಂದು ಹನಿಗೆ ಮೆಥಿಲೀನ್ ಬ್ಲೂ ಬೆರೆಸಿ ಸೂಕ್ಷ್ಮದರ್ಶಕದಡಿ ನೋಡಿದರೆ ಸತ್ತ ಕೋಶಗಳು ನೀಲಿಯಾಗಿ, ಬದುಕಿರುವವು ಬಣ್ಣ ಹಿಡಿಯದೆ ತಿಳಿಯಾಗಿ ಕಾಣುತ್ತವೆ. ನೂರರಲ್ಲಿ ಎಷ್ಟು ನೀಲಿ ಎಂದು ಎಣಿಸುವುದೇ ನನ್ನ ಬೆಳಗಿನ ಮೊದಲ ಕೆಲಸವಾಗಿತ್ತು. ಐದರಿಂದ ಹತ್ತು ಸಲ ಬಳಸಿದ ಮೇಲೆ ಹಳೆಯದನ್ನು ಬಿಟ್ಟು, ಪ್ರಯೋಗಾಲಯದಲ್ಲಿ ಬೆಳೆಸಿದ ಶುದ್ಧ ಯೀಸ್ಟಿನಿಂದ ಮತ್ತೆ ಆರಂಭಿಸುವುದು ಸಾಮಾನ್ಯ ಪದ್ಧತಿ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಅವರು 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದಕ್ಕೆ ಕಾರಣವೂ ಇದೇ: ಬಿಯರನ್ನು ಕೆಡಿಸುತ್ತಿದ್ದುದು ಅದರಲ್ಲಿ ಬೆರೆತ ಕಾಡು ಯೀಸ್ಟ್ ಎಂಬುದನ್ನು ಅವರು ಗುರುತಿಸಿದ್ದರು.

ನಿಮ್ಮ ಬಾಟಲಿಯನ್ನು ಮೂಸಿ ನೋಡಿ. ಮಾಂಸದ ಸಾರಿನಂತೆಯೋ ಕೊಳೆತಂತೆಯೋ ವಾಸನೆಯಿದ್ದರೆ ಕೋಶಗಳು ಒಡೆದುಹೋಗಿವೆ, ಚೆಲ್ಲಿಬಿಡಿ. ಬ್ರೆಡ್ಡಿನಂಥ ವಾಸನೆಯಿದ್ದರೆ, ಕುದಿಸಿ ಪೂರ್ತಿ ಆರಿಸಿದ ನೀರನ್ನು ಗಸಿಯ ಎರಡರಷ್ಟು ಸೇರಿಸಿ, ಕಲಕಿ, ಕಾಲು ಗಂಟೆ ಬಿಡಿ. ಭಾರದ ಚೂರುಗಳು ತಳಕ್ಕಿಳಿಯುತ್ತವೆ. ಮೇಲಿನ ಹಾಲಿನಂಥ ನೀರನ್ನು ಬೇರೆ ಪಾತ್ರೆಗೆ ಬಸಿದು ಫ್ರಿಜ್ಜಿನಲ್ಲಿಟ್ಟರೆ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಬಿಳಿಯ ಪದರ ನಿಂತಿರುತ್ತದೆ. ಅದೇ ನಿಮಗೆ ಬೇಕಾದ ಯೀಸ್ಟ್. ಕಹಿಯೂ ಬಹುಪಾಲು ನೀರಿನೊಂದಿಗೆ ಹೋಗಿರುತ್ತದೆ.

ಮುಂದೆ ಹಿಟ್ಟನ್ನು ಉಳಿಸುವ ಬದಲು ಯೀಸ್ಟನ್ನೇ ಬೇರೆಯಾಗಿ ಉಳಿಸಿ. ಮೊಳಕೆ ರಾಗಿ ಹಿಟ್ಟು ಒಂದು ಚಮಚ, ಸಕ್ಕರೆ ಎರಡು ಚಮಚ, ಒಂದು ಲೋಟ ನೀರು: ಇದನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಆ ಬಿಳಿ ಪದರದಿಂದ ಒಂದು ಚಮಚ ಹಾಕಿ, ಮುಚ್ಚಳ ಸಡಿಲವಾಗಿಟ್ಟು ಒಂದು ದಿನ ಬಿಟ್ಟರೆ ನೊರೆ ಕಟ್ಟುತ್ತದೆ. ಅದರಲ್ಲಿ ಸ್ವಲ್ಪ ತೆಗೆದು ಫ್ರಿಜ್ಜಿನಲ್ಲಿಟ್ಟು, ವಾರದೊಳಗೆ ಇದೇ ರೀತಿ ಮತ್ತೆ ಉಣಿಸಿ. ಕುದಿಸಿದ ಆಹಾರವನ್ನೇ ಕೊಡುವುದರಿಂದ ಬ್ಯಾಕ್ಟೀರಿಯಾಗಳು ಒಳನುಗ್ಗುವ ದಾರಿ ಕಡಿಮೆಯಾಗುತ್ತದೆ. ಪಾತ್ರೆ, ಚಮಚಗಳನ್ನೂ ಕುದಿಯುವ ನೀರಿನಲ್ಲಿ ಅದ್ದಿಯೇ ಬಳಸಬೇಕು.

ಉತ್ತರ: ಗಂಗಾವತಿ ಅಡುಗೆಮನೆ, ಕೊಪ್ಪಳ ಜಿಲ್ಲೆ

ರಾಯಚೂರಿನ ಅಣ್ಣನವರು ಹೇಳಿದ್ದೆಲ್ಲ ಸರಿ, ಆದರೆ ಹುಳಿಯನ್ನು ಶತ್ರುವೆಂದೇ ನೋಡುವುದನ್ನು ನಾನು ಒಪ್ಪುವುದಿಲ್ಲ. ದೋಸೆ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದೂ ಹುಳಿ ಬರಿಸುವುದೂ ಆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ, ಅದಕ್ಕೇ ಅಲ್ಲಿ ಹಳೆಯ ಹಿಟ್ಟಿನ ಸೌಟು ನಡೆಯುತ್ತದೆ. ಪ್ರಶ್ನೆ ಕೇಳಿದವರು ದೋಸೆಯ ಲೆಕ್ಕವನ್ನು ಮೈದಾಕ್ಕೆ ಹಾಕಿದ್ದರಿಂದ ತೊಂದರೆಯಾಯಿತು. ಆ ಮೂರನೆಯ ಹಿಟ್ಟನ್ನು ಚೆಲ್ಲದೆ, ಈರುಳ್ಳಿ ಮೆಣಸಿನಕಾಯಿ ಕೊಚ್ಚಿ ಹಾಕಿ ಅಂದೇ ಪಡ್ಡು ಹುಯ್ದಿದ್ದರೆ ಎಲ್ಲರೂ ಮೆಚ್ಚಿ ತಿನ್ನುತ್ತಿದ್ದರು.

ನಾನು ಅಂಗಡಿಯ ಒಣ ಯೀಸ್ಟ್ ಬಳಸುತ್ತೇನೆ. ರುಚಿಗೆಂದು ಹಳೆಯ ಹಿಟ್ಟಿನ ಒಂದು ಉಂಡೆಯನ್ನು ಫ್ರಿಜ್ಜಿನಲ್ಲಿ ಎರಡು ದಿನ ಮಾತ್ರ ಇಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಹಿಟ್ಟು ನಾದುವುದೇ ಇಲ್ಲ. ರಾತ್ರಿ ಹತ್ತಕ್ಕೆ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ನಾದಿ, ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ನಸುಕಿನಲ್ಲಿ ಬೇಯಿಸುತ್ತೇನೆ. ಕರೆಂಟು ಹೋಗಿ ಫ್ರಿಜ್ ಬಿಸಿಯಾದ ದಿನ ಉಳಿಸಿಟ್ಟ ಉಂಡೆಯನ್ನು ಬ್ರೆಡ್ಡಿಗೆ ನಂಬುವುದಿಲ್ಲ.

ಕೋಟೆ ಹತ್ತಿರದವನು, ಬಳ್ಳಾರಿ

ಇಬ್ಬರಿಗೂ ಕೃತಜ್ಞತೆಗಳು. ವಾಸನೆ ಬ್ರೆಡ್ಡಿನಂತೆಯೇ ಇತ್ತು. ತೊಳೆದಿಟ್ಟ ಯೀಸ್ಟ್ ಬೆಳಿಗ್ಗೆ ಒಂದು ಬೆರಳಿನ ದಪ್ಪ ಬಿಳಿಯಾಗಿ ನಿಂತಿತ್ತು. ರಾಗಿಯ ಗಂಜಿಗೆ ಹಾಕಿದ ಮೊದಲ ಹನ್ನೆರಡು ಗಂಟೆ ಏನೂ ಕಾಣಲಿಲ್ಲ, ಅನಂತರ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಅಕ್ಕನವರು ಹೇಳಿದಂತೆ ರಾತ್ರಿ ನಾದಿದ ಬ್ರೆಡ್ಡಿನಲ್ಲಿ ಕಹಿ ಇರಲಿಲ್ಲ. ಆದರೆ ಉಬ್ಬಲು ಈಗಲೂ ಆರು ಗಂಟೆ ಬೇಕಾಯಿತು.

ನದಿ ದಂಡೆ, ರಾಯಚೂರು

ಅದು ಸಹಜ, ಸರ್. ಬೇಕರಿಯ ಯೀಸ್ಟನ್ನು ಬೇಗ ಅನಿಲ ಬಿಡುವಂತೆ ಆರಿಸಿ ಬೆಳೆಸಿರುತ್ತಾರೆ. ಬಿಯರಿನದನ್ನು ರುಚಿಗಾಗಿ, ಚೆನ್ನಾಗಿ ತಳಕ್ಕಿಳಿಯುವ ಗುಣಕ್ಕಾಗಿ ಆರಿಸಿರುತ್ತಾರೆ. ಮುಂದಿನ ಸಲ ಯೀಸ್ಟಿನ ಪ್ರಮಾಣವನ್ನು ಎರಡರಷ್ಟು ಮಾಡಿ ನೋಡಿ, ಹಿಟ್ಟನ್ನು ಬೆಚ್ಚಗಿನ ಜಾಗಕ್ಕೆ ಮಾತ್ರ ಒಯ್ಯಬೇಡಿ.