ಸಣ್ಣ ಕಾಲೇಜಿನಲ್ಲಿ ಶೈಕ್ಷಣಿಕ ಮಾರ್ಗದರ್ಶನದ ಸಂಯೋಜಕರು ಯಾವ ಬಲದ ಮೇಲೆ ಕೆಲಸ ಮಾಡಬೇಕು?

ಪ್ರಶ್ನೆ: ಅರ್ಥಶಾಸ್ತ್ರ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುತ್ತಿರುವುದು ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ನೂರರಷ್ಟಿರುವ ಒಂದು ಸಣ್ಣ ಕಾಲೇಜಿನಲ್ಲಿ. ಶೈಕ್ಷಣಿಕ ಮಾರ್ಗದರ್ಶನಕ್ಕೆಂದು ನಮ್ಮಲ್ಲಿ ಪ್ರತ್ಯೇಕ ಕಚೇರಿಯಾಗಲಿ ಪೂರ್ಣಾವಧಿ ಸಿಬ್ಬಂದಿಯಾಗಲಿ ಇಲ್ಲ. ಪ್ರತಿಯೊಬ್ಬ ಅಧ್ಯಾಪಕರಿಗೂ ಇಷ್ಟಿಷ್ಟು ವಿದ್ಯಾರ್ಥಿಗಳೆಂದು ಹಂಚಿಕೊಡಲಾಗುತ್ತದೆ. ವಿಷಯಗಳ ಆಯ್ಕೆ, ಕ್ರೆಡಿಟ್‌ಗಳ ಲೆಕ್ಕಾಚಾರ, ಮುಂದಿನ ಓದು ಅಥವಾ ಉದ್ಯೋಗದ ಕುರಿತ ಸಲಹೆ, ಎಲ್ಲವೂ ಅವರದೇ ಹೊಣೆ. ಬರುವ ಶೈಕ್ಷಣಿಕ ವರ್ಷದಿಂದ ಈ ವ್ಯವಸ್ಥೆಯ ಸಂಯೋಜಕಿಯಾಗಬೇಕೆಂದು ಪ್ರಾಂಶುಪಾಲರು ನನ್ನನ್ನು ಕೇಳಿದ್ದಾರೆ.

ನನ್ನ ಅಳುಕು ಇಷ್ಟೇ. ಸಹೋದ್ಯೋಗಿಗಳಲ್ಲಿ ಕೆಲವರು ಈ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಾರೆ. ಇನ್ನು ಕೆಲವರು ನೋಂದಣಿಯ ಕೊನೆಯ ದಿನ ಫಾರಂಗೆ ಸಹಿ ಹಾಕುವುದನ್ನೇ ಮಾರ್ಗದರ್ಶನವೆಂದುಕೊಂಡಿದ್ದಾರೆ. ಅವರಲ್ಲಿ ಹಲವರು ಸೇವೆಯಲ್ಲಿ ನನಗಿಂತ ಹಿರಿಯರು. ಅವರಿಗೆ ಆದೇಶ ಕೊಡುವ ಅಧಿಕಾರ ನನಗಿಲ್ಲ, ಕೊಟ್ಟರೂ ನಡೆಯುವುದಿಲ್ಲ. ಒಪ್ಪಿಕೊಳ್ಳುವ ಮೊದಲು ನಾನು ಏನನ್ನು ಕೇಳಿ ಪಡೆಯಬೇಕು, ಅಧಿಕಾರವಿಲ್ಲದೆಯೂ ಈ ಕೆಲಸದಲ್ಲಿ ಮುಂದಾಳತ್ವ ವಹಿಸಲು ಸಾಧ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಪ್ರಾಂಶುಪಾಲ

ಮೇಡಂ, ಒಪ್ಪಿಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹೊಣೆ ಹೆಗಲೇರಿದ ಮೇಲೆ ಷರತ್ತು ಹಾಕಲು ಹೋದರೆ ಅದು ಗೊಣಗಾಟದಂತೆ ಕೇಳಿಸುತ್ತದೆ.

ಶೈಕ್ಷಣಿಕ ಮಾರ್ಗದರ್ಶನವನ್ನು ಕಾಲೇಜುಗಳು ಹೇಗೆ ಸಂಘಟಿಸುತ್ತವೆ ಎಂಬುದನ್ನು ಅಧ್ಯಯನ ಮಾಡಿದ ಅಮೆರಿಕದ ವೆಸ್ಲಿ ಹ್ಯಾಬ್ಲಿಯವರು 1983ರಲ್ಲಿ ಏಳು ಮಾದರಿಗಳನ್ನು ಗುರುತಿಸಿದರು. ಎಲ್ಲವನ್ನೂ ಅಧ್ಯಾಪಕರೇ ನೋಡಿಕೊಳ್ಳುವುದು ಅವುಗಳಲ್ಲೊಂದು. ಸಲಹೆ ಕೊಡುವವರು ಅಧ್ಯಾಪಕರೇ ಆದರೂ ಅವರಿಗೆ ಮಾಹಿತಿ, ತರಬೇತಿ ಒದಗಿಸಲು ಸಣ್ಣದೊಂದು ಕಚೇರಿ ಬೆನ್ನಿಗಿರುವುದು ಇನ್ನೊಂದು. ಹೊಸ ವಿದ್ಯಾರ್ಥಿಗಳೆಲ್ಲರನ್ನೂ ಮೊದಲು ಒಂದು ಕೇಂದ್ರವೇ ನೋಡಿಕೊಂಡು ಆನಂತರ ವಿಭಾಗಗಳಿಗೆ ಒಪ್ಪಿಸುವುದು ಮತ್ತೊಂದು. ಬೇರೆ ಸಿಬ್ಬಂದಿಗೆ ಹಣವಿಲ್ಲದ ಸಣ್ಣ ಕಾಲೇಜುಗಳು ಸಾಮಾನ್ಯವಾಗಿ ಮೊದಲನೆಯ ಮಾದರಿಯಲ್ಲೇ ಇರುತ್ತವೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಪ್ರಾಂಶುಪಾಲರು ಬಯಸುತ್ತಿರುವುದು ಎರಡನೆಯದನ್ನು, ಆದರೆ ಮೊದಲನೆಯದರ ಖರ್ಚಿನಲ್ಲಿ. ಇದನ್ನು ಅವರ ಮುಂದೆ ಸೌಮ್ಯವಾಗಿಯಾದರೂ ನೇರವಾಗಿಯೇ ಹೇಳಬೇಕು. ಬೋಧನೆಯ ಹೊರೆಯನ್ನು ಕಡಿಮೆ ಮಾಡದೆ ಬರೀ ಪದನಾಮ ಕೊಟ್ಟರೆ ಸಂಯೋಜಕಿಯ ಕೆಲಸ ಫಾರಂ ಸಂಗ್ರಹಿಸುವುದಕ್ಕೆ ಇಳಿಯುತ್ತದೆ.

ಸಮಯದ ನಂತರ ಕೇಳಬೇಕಾದದ್ದು, ಪಠ್ಯಕ್ರಮ ಮತ್ತು ವೇಳಾಪಟ್ಟಿಯನ್ನು ತೀರ್ಮಾನಿಸುವ ಸಮಿತಿಯಲ್ಲಿ ಒಂದು ಸ್ಥಾನ. ಇದನ್ನು ಬಹಳಷ್ಟು ಜನ ಮರೆಯುತ್ತಾರೆ. ಸಣ್ಣ ವಿಭಾಗಗಳಲ್ಲಿ ಮೇಲಿನ ಹಂತದ ಕೆಲವು ಕೋರ್ಸ್‌ಗಳನ್ನು ಪ್ರತಿ ವರ್ಷವೂ ನಡೆಸಲಾಗುವುದಿಲ್ಲ. ವರ್ಷ ಬಿಟ್ಟು ವರ್ಷ ನಡೆಸುತ್ತಾರೆ. ನಾಲ್ಕು ವರ್ಷದ ಪದವಿಯ ವಿದ್ಯಾರ್ಥಿಯೊಬ್ಬ ಎರಡನೆಯ ವರ್ಷದಲ್ಲಿ ಸಂಖ್ಯಾಶಾಸ್ತ್ರವನ್ನು ಮುಂದಕ್ಕೆ ಹಾಕಿದನೆಂದುಕೊಳ್ಳಿ. ಅದನ್ನು ಪೂರೈಸದೆ ಸೇರಲಾಗದ ಮೇಲಿನ ಕೋರ್ಸ್ ಮೂರನೆಯ ವರ್ಷದಲ್ಲಿ ಬಂದು ಹೋಗುತ್ತದೆ, ಅವನು ಅರ್ಹನಾಗಿರುವುದಿಲ್ಲ. ಮತ್ತೆ ಅದು ಬರುವ ಹೊತ್ತಿಗೆ ಅವನು ಪದವಿ ಮುಗಿಸಿರಬೇಕಾಗಿತ್ತು. ಸಲಹೆ ಕೊಟ್ಟ ಅಧ್ಯಾಪಕರು ಅಂದು ಸಹಿ ಹಾಕಿದ್ದು ಯಾವ ನಿಯಮಕ್ಕೂ ವಿರುದ್ಧವಾಗಿರಲಿಲ್ಲ, ಆದರೂ ಹುಡುಗನಿಗೆ ಒಂದು ವರ್ಷ ನಷ್ಟ. ಯಾವ ಕೋರ್ಸ್ ಯಾವ ವರ್ಷ ನಡೆಯುತ್ತದೆ ಎಂಬ ಪಟ್ಟಿ ನಾಲ್ಕೈದು ಸೆಮಿಸ್ಟರ್ ಮೊದಲೇ ಎಲ್ಲ ಸಲಹೆಗಾರರ ಕೈಯಲ್ಲಿರಬೇಕು, ಅದರಲ್ಲಿ ಬದಲಾವಣೆಯಾಗುವುದಿದ್ದರೆ ಸಂಯೋಜಕರಿಗೆ ಮೊದಲು ಗೊತ್ತಾಗಬೇಕು. ಸಮಿತಿಯಲ್ಲಿ ಕೂರದವರಿಗೆ ಇದು ತಿಳಿಯುವುದು ಸೂಚನಾ ಫಲಕ ನೋಡಿದಾಗಲೇ.

ವಾರ್ಷಿಕ ಮೌಲ್ಯಮಾಪನದಲ್ಲಿ ಮಾರ್ಗದರ್ಶನದ ಕೆಲಸಕ್ಕೂ ಒಂದು ಕಾಲಂ ಇರಲಿ ಎಂದು ಕೇಳಿ. ಈ ಮೂರೂ ಲಿಖಿತವಾಗಿ ಬರಲಿ.

ಉತ್ತರ 2: ಮನಶ್ಶಾಸ್ತ್ರ ಅಧ್ಯಾಪಕಿ

ಹಿರಿಯರು ಹೇಳಿದ ಸಮಿತಿಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮೌಲ್ಯಮಾಪನದ ಕಾಲಂ ಬಗ್ಗೆ ಮಾತ್ರ ನನಗೆ ಅಷ್ಟು ಭರವಸೆಯಿಲ್ಲ. ಕಾಲಂ ಬಂದ ಮರುವರ್ಷವೇ ಎಲ್ಲರೂ ಭೇಟಿಗಳ ಸಂಖ್ಯೆ ಬರೆಯತೊಡಗುತ್ತಾರೆ, ಭೇಟಿ ನಡೆಯುವ ಬಗೆ ಮೊದಲಿದ್ದಂತೆಯೇ ಇರುತ್ತದೆ.

ನನ್ನ ಅನಿಸಿಕೆಯಲ್ಲಿ ಅಸಡ್ಡೆ ತೋರುವ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ. ಯಾವುದು ತಮ್ಮ ಕೆಲಸ, ಯಾವುದು ಅಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಒ'ಬ್ಯಾನಿಯನ್ ಅವರು 1972ರಲ್ಲಿ ಮುಂದಿಟ್ಟ ಕ್ರಮ ಇಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಬದುಕಿನ ಗುರಿಗಳ ಶೋಧ, ವೃತ್ತಿಯ ಗುರಿಗಳ ಶೋಧ, ಅಧ್ಯಯನ ವಿಭಾಗದ ಆಯ್ಕೆ, ಕೋರ್ಸ್‌ಗಳ ಆಯ್ಕೆ, ಕೊನೆಗೆ ವೇಳಾಪಟ್ಟಿ. ನಮ್ಮ ಕಾಲೇಜುಗಳ ರೂಢಿಯಲ್ಲಿ ಮಾತುಕತೆ ಶುರುವಾಗುವುದೇ ಕೊನೆಯ ಹೆಜ್ಜೆಯಿಂದ, ಮುಗಿಯುವುದೂ ಅಲ್ಲೇ. ಅದೇ ವರ್ಷ ಅಮೆರಿಕದ ಇನ್ನೊಬ್ಬ ಶಿಕ್ಷಣತಜ್ಞ ಬರ್ನ್ಸ್ ಕ್ರೂಕ್‌ಸ್ಟನ್ ಮಾರ್ಗದರ್ಶನವೂ ಒಂದು ಬಗೆಯ ಬೋಧನೆಯೇ ಎಂದು ವಾದಿಸಿದರು. ಹಿರಿಯ ಅಧ್ಯಾಪಕರೊಂದಿಗೆ ಮಾತನಾಡುವಾಗ ಈ ವಾದದಷ್ಟು ಕೆಲಸಕ್ಕೆ ಬರುವುದು ಬೇರೊಂದಿಲ್ಲ, ಏಕೆಂದರೆ ಆಡಳಿತದ ಹೊರೆ ಎಂದರೆ ಮುಖ ಸಿಂಡರಿಸುವವರು ಬೋಧನೆ ಎಂದರೆ ಕಿವಿಗೊಡುತ್ತಾರೆ.

ತರಬೇತಿಯ ವಿಷಯಕ್ಕೆ ಬರುವುದಾದರೆ, ಶೈಕ್ಷಣಿಕ ಮಾರ್ಗದರ್ಶಕರ ಸಂಘಟನೆಯಾದ ನಕಾಡಾ 2017ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಸಾಮರ್ಥ್ಯಗಳನ್ನು ಪರಿಕಲ್ಪನೆ, ಮಾಹಿತಿ, ಸಂಬಂಧ ಎಂದು ಮೂರಾಗಿ ವಿಂಗಡಿಸಲಾಗಿದೆ. ಮಾಹಿತಿಯ ಭಾಗವನ್ನು ಒಂದು ಕೈಪಿಡಿಯಲ್ಲಿ ಕೊಡಬಹುದು. ಸಂಬಂಧದ ಭಾಗ ಉಪನ್ಯಾಸದಿಂದ ಬರುವಂಥದ್ದಲ್ಲ. ನಾಲ್ಕೈದು ಸಹೋದ್ಯೋಗಿಗಳನ್ನು ಅರ್ಧ ಗಂಟೆ ಕೂರಿಸಿ, ಹೆಸರು ಮರೆಮಾಡಿದ ಒಂದೇ ಒಂದು ಪ್ರಸಂಗವನ್ನು ಅವರ ಮುಂದಿಡಿ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಅನುತ್ತೀರ್ಣಳಾದ ವಿದ್ಯಾರ್ಥಿನಿ ಮುಂದಿನ ಬಾರಿ ಆರರ ಬದಲು ಏಳು ಕೋರ್ಸ್ ತೆಗೆದುಕೊಳ್ಳುತ್ತೇನೆಂದು ಬಂದಿದ್ದಾಳೆ. ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ಒಬ್ಬರು ಬೇಡವೆಂದು ಹೇಳಿ ಕಳಿಸುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಅವಳು ದಿನದಲ್ಲಿ ಎಷ್ಟು ಗಂಟೆ ದುಡಿಯುತ್ತಿದ್ದಾಳೆ ಎಂದು ಕೇಳುತ್ತೇನೆ ಎನ್ನುತ್ತಾರೆ. ಆ ಎರಡನೆಯ ಉತ್ತರವನ್ನು ನೀವು ಹೇಳಿಕೊಡುವುದಕ್ಕಿಂತ ಪಕ್ಕದ ಕುರ್ಚಿಯವರ ಬಾಯಿಂದ ಬಂದರೆ ಹೆಚ್ಚು ನಾಟುತ್ತದೆ.

ಇನ್ನೊಂದು ವಿಷಯವನ್ನೂ ಗಮನದಲ್ಲಿಡಿ. ಹಂಚಿಕೆಯ ಪಟ್ಟಿಯಲ್ಲಿ ಎಲ್ಲರಿಗೂ ಸಮಾನ ಸಂಖ್ಯೆಯ ವಿದ್ಯಾರ್ಥಿಗಳಿರಬಹುದು, ಆದರೆ ಬಾಗಿಲಲ್ಲಿ ನಿಲ್ಲುವ ಸಾಲು ಸಮಾನವಾಗಿರುವುದಿಲ್ಲ. ಕಿವಿಗೊಟ್ಟು ಕೇಳುವ ಅಧ್ಯಾಪಕರ ಬಳಿಗೆ ಬೇರೆಯವರ ವಿದ್ಯಾರ್ಥಿಗಳೂ ಬರುತ್ತಾರೆ. ಅವರ ಪಟ್ಟಿಯನ್ನು ಸದ್ದಿಲ್ಲದೆ ಸ್ವಲ್ಪ ಹಗುರ ಮಾಡುವುದು ಸಂಯೋಜಕಿಯ ಕೆಲಸ. ಇಲ್ಲದಿದ್ದರೆ ಮೊದಲು ದಣಿಯುವವರು ಅವರೇ.

ಉತ್ತರ 3: ಶೈಕ್ಷಣಿಕ ದಾಖಲೆಗಳ ವಿಭಾಗದ ಸಿಬ್ಬಂದಿ

ಅಧ್ಯಾಪಕರ ಚರ್ಚೆಯಲ್ಲಿ ನಮ್ಮ ವಿಭಾಗದ ಹೆಸರು ಬರುವುದು ತಪ್ಪಾದಾಗ ಮಾತ್ರ, ಆದ್ದರಿಂದ ಈ ಒಂದು ಮಾತು. ಸಂಯೋಜಕರು ಮೊದಲ ತಿಂಗಳಲ್ಲೇ ನಮ್ಮೊಂದಿಗೆ ಕುಳಿತು, ಹಾಜರಾತಿ ಇಳಿದವರ ಹಾಗೂ ಆಂತರಿಕ ಪರೀಕ್ಷೆಯಲ್ಲಿ ಹಿಂದುಳಿದವರ ಪಟ್ಟಿ ಯಾವಾಗ, ಯಾರಿಗೆ ಹೋಗಬೇಕೆಂದು ನಿರ್ಧರಿಸಿಕೊಳ್ಳಬೇಕು. ಸೆಮಿಸ್ಟರ್ ಮುಗಿದ ಮೇಲೆ ಸಿಗುವ ಪಟ್ಟಿಯಿಂದ ಯಾರಿಗೂ ಪ್ರಯೋಜನವಿಲ್ಲ. ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ ಸಿಕ್ಕರೆ ಸಲಹೆಗಾರರೇ ವಿದ್ಯಾರ್ಥಿಯನ್ನು ಕರೆದು ಮಾತನಾಡಿಸಬಹುದು. ಕಷ್ಟದಲ್ಲಿರುವ ವಿದ್ಯಾರ್ಥಿ ತಾನಾಗಿ ಬಾಗಿಲು ತಟ್ಟುವುದು ಅಪರೂಪ.

ಭೇಟಿಯ ನಂತರ ಎರಡು ಮೂರು ಸಾಲಿನ ಟಿಪ್ಪಣಿ ಬರೆದಿಡುವ ಅಭ್ಯಾಸವನ್ನೂ ಮಾಡಿಸಿ. ಯಾವ ಕೋರ್ಸ್ ಬಗ್ಗೆ ಮಾತಾಯಿತು, ಏನು ಸಲಹೆ ಕೊಟ್ಟಿರಿ, ಮುಂದೆ ಯಾರನ್ನು ಕಾಣಲು ಹೇಳಿದಿರಿ, ಇಷ್ಟು ಸಾಕು. ಮನೆಯ ಸಮಸ್ಯೆ, ಆರೋಗ್ಯದ ವಿವರಗಳು ಆ ಟಿಪ್ಪಣಿಯಲ್ಲಿ ಬೇಡ. ಎಲ್ಲರಿಗೂ ಎಲ್ಲರೂ ಪರಿಚಿತರಾಗಿರುವ ಕಡೆ ಬರೆದಿಟ್ಟದ್ದು ಅಧ್ಯಾಪಕರ ಕೊಠಡಿಯ ಮಾತಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಪ್ರಶ್ನೆ ಕೇಳಿದವರು: ಅರ್ಥಶಾಸ್ತ್ರ ಅಧ್ಯಾಪಕಿ

ಮೂವರಿಗೂ ಧನ್ಯವಾದಗಳು. ಸಮಿತಿಯ ಸ್ಥಾನ ಮತ್ತು ಐದನೆಯ ವಾರದ ಪಟ್ಟಿ ನನಗೆ ಹೊಳೆದೇ ಇರಲಿಲ್ಲ. ಒಂದು ತೊಡಕು ಉಳಿದಿದೆ. ನಮ್ಮಲ್ಲಿ ವಿದ್ಯಾರ್ಥಿಗಳು ಕಡಿಮೆಯಿರುವ ಒಂದೆರಡು ವಿಭಾಗಗಳಿವೆ. ಅಲ್ಲಿಂದ ಬೇರೆ ವಿಭಾಗಕ್ಕೆ ಹೋಗಬಯಸುವವರನ್ನು ಅವರ ಸಲಹೆಗಾರರೇ ತಡೆಯುತ್ತಾರೆಂಬ ದೂರು ವಿದ್ಯಾರ್ಥಿಗಳಿಂದ ಕೇಳಿಬರುತ್ತಿದೆ. ಪಾಠ ಮಾಡುವವರೂ ಅಂಕ ಕೊಡುವವರೂ ಸಲಹೆ ಕೊಡುವವರೂ ಒಬ್ಬರೇ ಆಗಿರುವುದರಿಂದ ವಿದ್ಯಾರ್ಥಿಗಳು ನೇರವಾಗಿ ಬಾಯಿ ಬಿಡಲು ಹೆದರುತ್ತಾರೆ. ಇದನ್ನು ಯಾರನ್ನೂ ನೋಯಿಸದೆ ಎತ್ತುವುದು ಹೇಗೆ?

ಉತ್ತರ 4: ನಿವೃತ್ತ ಪ್ರಾಂಶುಪಾಲ

ಮೇಡಂ, ಇದನ್ನು ವ್ಯಕ್ತಿಗಳ ದೋಷವೆಂದು ಎತ್ತಿದರೆ ಮೊದಲ ಸಭೆಯಲ್ಲೇ ಜಗಳವಾಗುತ್ತದೆ. ತನ್ನ ವಿಭಾಗದಲ್ಲಿ ವಿದ್ಯಾರ್ಥಿಗಳು ಕಡಿಮೆಯಾದರೆ ಹುದ್ದೆಯೇ ಹೋಗಬಹುದೆಂಬ ಭಯದಲ್ಲಿರುವ ಅಧ್ಯಾಪಕರಿಂದ, ಹೋಗುವವನಿಗೆ ನಿಷ್ಪಕ್ಷಪಾತ ಸಲಹೆ ಕೊಡಿ ಎಂದು ನಿರೀಕ್ಷಿಸುವುದೇ ನ್ಯಾಯವಲ್ಲ. ವ್ಯವಸ್ಥೆ ಅವರನ್ನು ಆ ಇಕ್ಕಟ್ಟಿನಲ್ಲಿ ನಿಲ್ಲಿಸಿದೆ.

ವಿಭಾಗ ಬದಲಿಸುವ ಅರ್ಜಿಗೆ ಈಗಿನ ಸಲಹೆಗಾರರ ಒಪ್ಪಿಗೆ ಬೇಕೆಂಬ ನಿಯಮ ನಿಮ್ಮಲ್ಲಿದ್ದರೆ ಅದನ್ನು ತೆಗೆಸಿ, ಅವರಿಗೆ ತಿಳಿಸಿದರೆ ಸಾಕೆಂದು ಮಾಡಿಸಿ. ಅಂಥ ಅರ್ಜಿಯ ಮಾತುಕತೆ ಸಂಬಂಧಪಟ್ಟ ಎರಡೂ ವಿಭಾಗಗಳಿಗೆ ಸೇರದವರ ಬಳಿ ನಡೆಯಲಿ. ಅರ್ಥಶಾಸ್ತ್ರಕ್ಕೆ ಬರುವವರಿದ್ದರೆ ನೀವೂ ಹಿಂದೆ ಸರಿಯಬೇಕಾಗುತ್ತದೆ, ಅದನ್ನು ಮೊದಲೇ ಘೋಷಿಸಿಬಿಡಿ. ಇನ್ನೂ ವಿಭಾಗ ನಿರ್ಧರಿಸದ ಹೊಸ ವಿದ್ಯಾರ್ಥಿಗಳನ್ನು ವಿಭಾಗದ ಲೆಕ್ಕದಲ್ಲಿ ಹಂಚದೆ, ಈ ಕೆಲಸದಲ್ಲಿ ಆಸಕ್ತಿಯಿರುವ ಕೆಲವೇ ಅಧ್ಯಾಪಕರಿಗೆ ಮೊದಲ ವರ್ಷದ ಮಟ್ಟಿಗೆ ಒಪ್ಪಿಸಬಹುದು. ಇದಕ್ಕೆ ಹೊಸ ಹುದ್ದೆ ಬೇಕಾಗುವುದಿಲ್ಲ. ಆಮೇಲೆ ತಡೆಯುವ ಪ್ರಸಂಗಗಳೇ ಕಡಿಮೆಯಾಗುತ್ತವೆ, ಏಕೆಂದರೆ ಬಹುತೇಕರು ಯೋಚಿಸಿದ ನಂತರವೇ ವಿಭಾಗ ಸೇರಿರುತ್ತಾರೆ.

ನಿಯಮ ಬದಲಿಸುವ ಪ್ರಸ್ತಾವವನ್ನು ಸಭೆಗೆ ಒಯ್ಯುವ ಮೊದಲು ವಿದ್ಯಾರ್ಥಿಗಳು ಕಡಿಮೆಯಿರುವ ಆ ಒಂದೆರಡು ವಿಭಾಗಗಳ ಮುಖ್ಯಸ್ಥರನ್ನು ಪ್ರತ್ಯೇಕವಾಗಿ ಭೇಟಿ ಮಾಡಿ, ಕರಡನ್ನು ಅವರ ಕೈಗೆ ಕೊಟ್ಟು ತಿದ್ದಲು ಕೇಳಿ. ಅವರ ತಿದ್ದುಪಡಿಗಳಲ್ಲಿ ಒಪ್ಪಬಹುದಾದದ್ದು ಏನಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಸೇರಿಸಿಯೇ ಸಭೆಯ ಮುಂದಿಡಿ.